ದನದ ಡಾಕ್ಟರಮ್ಮನನ್ನು ಕೇಳಿ: ಮುದಿ ನಾಯಿಯೂ ಹೊಸ ಟೈಲ್ಸೂ

ಕಳೆದ ಸಂಚಿಕೆಯಲ್ಲಿ ನಮ್ಮನೆಯ ನಾಯಿ ಕೆಂಚನಿಗೆ ಹದಿನಾಲ್ಕು ತುಂಬಿತು ಎಂದು ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ತಿಂಗಳು ಹಸು, ಎಮ್ಮೆ, ಕೋಳಿ ಎಲ್ಲ ಹಿಂದೆ ಸರಿದು, ಬಂದ ಪತ್ರಗಳ ತುಂಬ ಮುದಿ ನಾಯಿಗಳೇ. ಹಾಗಾಗಿ ಈ ಸಲ ಅವುಗಳದ್ದೇ ಸರದಿ. ಹಸುವಿನ ಕೆಚ್ಚಲು ಬಾವಿನ ಬಗ್ಗೆ ಕೇಳಿದ ತರೀಕೆರೆಯವರು ಮಾತ್ರ ಮುಂದಿನ ಸಂಚಿಕೆಗೆ ಕಾಯಬೇಡಿ. ಇವತ್ತೇ ಹತ್ತಿರದ ಪಶು ಆಸ್ಪತ್ರೆಯವರಿಗೆ ಹೇಳಿ.

ಪ್ರ: ನಮ್ಮ ಲ್ಯಾಬ್ರಡಾರ್ ರಾಣಿಗೆ 12 ವರ್ಷ. ಆರು ತಿಂಗಳ ಹಿಂದೆ ಮನೆಗೆ ಹೊಸ ಟೈಲ್ಸ್ ಹಾಕಿಸಿದೆವು. ಆಮೇಲಿಂದ ಎದ್ದೇಳಲು ಒದ್ದಾಡುತ್ತಾಳೆ, ಹಿಂಗಾಲು ಜಾರಿ ಕಪ್ಪೆಯ ಹಾಗೆ ಬಿದ್ದುಬಿಡುತ್ತಾಳೆ. ತೂಕ 41 ಕೆ.ಜಿ. ಪಕ್ಕದ ಮನೆಯವರು ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಕೊಡಿ ಎನ್ನುತ್ತಾರೆ. ಕೊಡಬಹುದಾ? (ಓದುಗರು, ಮೈಸೂರು)

ಉ: ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಈಗಾಗಲೇ ಒಂದೆರಡು ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದರ್ಥ, ಆಗ ತಡ ಮಾಡುವಂತೆಯೇ ಇಲ್ಲ. ನಾಯಿಗೆಂದೇ ನೋವಿನ ಔಷಧಗಳಿವೆ. ಅವನ್ನೂ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ, ಲಿವರ್ ನೋಡಿಕೊಂಡೇ ಶುರು ಮಾಡುವುದು.

ಅಂದ ಹಾಗೆ, ಡೈಕ್ಲೊಫೆನಾಕನ್ನು ಈಗ ದನಗಳಿಗೂ ಕೊಡುವಂತಿಲ್ಲ. ಅದನ್ನು ಚುಚ್ಚಿಸಿಕೊಂಡ ದನ ಸತ್ತರೆ, ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ಅದಕ್ಕೇ 2006ರಲ್ಲಿ ನಿಲ್ಲಿಸಿದರು. ಅದಕ್ಕೂ ಮುಂಚೆ ನಾನೇ ಎಷ್ಟು ದನಗಳಿಗೆ ಚುಚ್ಚಿದ್ದೆನೋ, ಲೆಕ್ಕವಿಲ್ಲ.

ಇನ್ನು ರಾಣಿಯ ವಿಷಯ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೀಲು ಸವೆದ ನಾಯಿಗೆ ಹೊಳೆಯುವ ಟೈಲ್ಸ್ ಅಂದರೆ ನಮಗೆ ಪಾಚಿ ಕಟ್ಟಿದ ಬಾವಿಕಟ್ಟೆ ಇದ್ದ ಹಾಗೆ. ಎರಡು ಸಲ ಜಾರಿದ ಮೇಲೆ ಏಳುವ ಗೊಡವೆಯೇ ಬೇಡ ಎಂದು ಮಲಗಿಬಿಡುತ್ತದೆ. ಮಲಗಿದಷ್ಟೂ ತೊಡೆಯ ಮಾಂಸ ಕರಗುತ್ತದೆ, ಕರಗಿದಷ್ಟೂ ಏಳುವುದು ಕಷ್ಟ. ಅವಳು ಮಲಗುವ ಜಾಗದಿಂದ ನೀರಿನ ಬೋಗುಣಿಗೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ ಕಾಲುದಾರಿಯ ಹಾಗೆ ಮ್ಯಾಟ್ ಹಾಸಿ. ಯೋಗಾ ಮ್ಯಾಟನ್ನು ಉದ್ದಕ್ಕೆ ಸೀಳಿಕೊಂಡರೂ ಆದೀತು. ಗೋಣಿಚೀಲ ಮಾತ್ರ ಬೇಡ, ಟೈಲ್ಸ್ ಮೇಲೆ ಅದೇ ಜಾರುತ್ತದೆ. ನಮ್ಮನೆಯಲ್ಲಿ ಗೋಣಿ ಹಾಸಿದ ಮೊದಲ ದಿನ ಕೆಂಚ ಸರಿಯಾಗಿಯೇ ದಾಟಿದ. ಕಾಫಿ ಲೋಟ ಹಿಡಿದುಕೊಂಡು ಬಿದ್ದವಳು ನಾನು.

ತೂಕ ಜಾಸ್ತಿ ಆಯ್ತು. ಹೆಣ್ಣು ಲ್ಯಾಬ್ರಡಾರ್ 30 ಕೆ.ಜಿ. ಆಸುಪಾಸು ಇರಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಸಾಕಿ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳಲ್ಲಿ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಹಾಕಿದರು. ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಬೆಳಗ್ಗೆ ತಟ್ಟೆಯಿಂದ ಇಡ್ಲಿ, ಸಂಜೆ ಕಾಫಿ ಜೊತೆ ಬಿಸ್ಕೆಟ್. ಪತ್ರದಲ್ಲಿ ಬರೆದಿಲ್ಲ, ಆದರೆ ಇದ್ದೇ ಇರುತ್ತದೆ, ಅಲ್ವಾ? ಮೊದಲು ಅದನ್ನು ನಿಲ್ಲಿಸಿ. ಒಂದೇ ಸಲಕ್ಕೆ ಉಪವಾಸ ಕೆಡವಬೇಡಿ, ತಿಂಗಳಿಗೆ ಒಂದು ಕಿಲೋ ಇಳಿದರೆ ಸಾಕು.

ಕೊನೆಗೆ, ಅವಳ ಪಾದ ಎತ್ತಿ ನೋಡಿ. ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ. ಹೋದ ವರ್ಷ ಕೆಂಚ ಮುಂದಿನ ಎಡಗಾಲು ಕುಂಟತೊಡಗಿದ. ಮೂವತ್ತೊಂದು ವರ್ಷ ಇಲಾಖೆಯಲ್ಲಿ ದುಡಿದವಳು ನಾನು, ದೂರದಿಂದಲೇ ನೋಡಿ ‘ವಯಸ್ಸಾಯ್ತು, ಕೀಲುನೋವು’ ಎಂದು ತೀರ್ಪು ಕೊಟ್ಟೆ. ಮೂರು ವಾರ ಔಷಧ ಹಾಕಿದೆ. ಒಂದು ಭಾನುವಾರ ಉಣ್ಣಿ ಕೀಳುತ್ತಾ ಕೂತಿದ್ದಾಗ ಆ ಕಾಲಿನ ಒಳಬದಿಗೆ ಬೆರಳು ತಗುಲಿತು. ಕೆಂಚ ಚುರ್ ಎಂದು ಕಾಲು ಎಳೆದುಕೊಂಡ. ನೆಲಕ್ಕೆ ತಾಗದ ಹೆಬ್ಬೆರಳ ಉಗುರು ಬೆಳೆದು, ಬಳೆಯ ಹಾಗೆ ಸುತ್ತಿ, ತುದಿ ಮಾಂಸದೊಳಕ್ಕೆ ಹೊಕ್ಕಿತ್ತು. ಸುತ್ತ ಕೀವು. ಆ ಉಗುರು ನಡೆದರೂ ಸವೆಯುವುದಿಲ್ಲ. ಕತ್ತರಿಸಿ ತೊಳೆದು ನಾಲ್ಕು ದಿನಕ್ಕೆ ಕುಂಟು ಮಾಯ. ನಮ್ಮ ಯಜಮಾನರು ಇವತ್ತಿಗೂ ಬಂದವರೆದುರು ಈ ಕತೆ ಹೇಳುತ್ತಾರೆ.

ಪ್ರ: 13 ವರ್ಷದ ನಮ್ಮ ಸ್ಪಿಟ್ಜ್ ರಾತ್ರಿ ಎರಡು ಗಂಟೆಗೆ ಎದ್ದು ಮನೆಯೆಲ್ಲ ತಿರುಗುತ್ತಾನೆ, ಬೊಗಳುತ್ತಾನೆ. ಕೆಲವೊಮ್ಮೆ ಬಾಗಿಲ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಾನೆ. ಹಗಲೆಲ್ಲ ನಿದ್ದೆ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ನಮ್ಮದೇ ವಿಷಯ. ಗದರಿದರೆ ಇನ್ನೂ ಜಾಸ್ತಿ ಮಾಡುತ್ತಾನೆ. (ಓದುಗರು, ಬೆಂಗಳೂರು)

ಉ: ಗದರಬೇಡಿ. ಅವನಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಮರೆತಿರಬಹುದು. ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣೆಯ ಕಡೆ ಹೋಗಿ ನಿಲ್ಲುವುದು, ಸಂದಿಗೆ ನುಗ್ಗಿ ಹಿಂದೆ ಬರಲು ತಿಳಿಯದಿರುವುದು, ಹಗಲು ರಾತ್ರಿ ಅದಲುಬದಲಾಗುವುದು, ಇವೆಲ್ಲ ಅಜ್ಜ ಅಜ್ಜಿಯರಿಗೆ ಬರುವ ಮರೆವಿನ ಕಾಯಿಲೆಯಂಥದ್ದೇ. ನಾಯಿಗೂ ಬರುತ್ತದೆ. ಅಮೆರಿಕದಲ್ಲಿ ಲೆಕ್ಕ ಹಾಕಿದಾಗ 11-12 ವರ್ಷದ ನಾಯಿಗಳಲ್ಲಿ ನೂರಕ್ಕೆ 28ರಲ್ಲಿ, 15-16 ವರ್ಷದವುಗಳಲ್ಲಿ 68ರಲ್ಲಿ ಇಂಥ ಒಂದಾದರೂ ಲಕ್ಷಣ ಕಂಡಿತ್ತು.

ಆದರೆ ಮರೆವು ಎಂದು ಹಣೆಪಟ್ಟಿ ಹಚ್ಚುವ ಮೊದಲು ಉಳಿದದ್ದನ್ನು ನೋಡಬೇಕು. ನೋವಿಗೂ ನಾಯಿ ರಾತ್ರಿ ತಿರುಗುತ್ತದೆ. ಮೂತ್ರದ ಸೋಂಕಿಗೂ ಏಳುತ್ತದೆ. ಕಿವಿ ಮಂದವಾದರೆ ತನ್ನ ಬೊಗಳು ತನಗೇ ಕೇಳದೆ ಗಂಟಲು ಹರಿಯುವಂತೆ ಕೂಗುತ್ತದೆ. ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಮರೆವೇ ಆಗಿದ್ದರೆ ಗುಣವಾಗುವುದಿಲ್ಲ, ಹತೋಟಿಗೆ ಔಷಧಗಳಿವೆ.

ಮನೆಯಲ್ಲಿ ಮಾಡುವುದು ಇಷ್ಟು. ಹಾಲ್‌ನಲ್ಲಿ ಜೀರೋ ಬಲ್ಬ್ ಉರಿಯಲಿ. ಸೋಫಾ, ಮಂಚ ಇದ್ದಲ್ಲೇ ಇರಲಿ, ಹಬ್ಬಕ್ಕೆಂದು ಜಾಗ ಬದಲಿಸಬೇಡಿ. ಸಂಜೆ ಐದಕ್ಕೆ ನಿದ್ದೆಯಿಂದ ಎಬ್ಬಿಸಿ ಕೆಳಗೆ ಕರೆದುಕೊಂಡು ಹೋಗಿ, ನಡೆಯದಿದ್ದರೂ ಪರವಾಗಿಲ್ಲ, ಹುಲ್ಲು ಮೂಸಲಿ. ರಾತ್ರಿ ಹನ್ನೊಂದಕ್ಕೆ ಇನ್ನೊಮ್ಮೆ ಮೂತ್ರಕ್ಕೆ. ಎರಡು ಗಂಟೆಗೆ ಎದ್ದರೆ ಮಾತಾಡದೆ ಹತ್ತಿರ ಹೋಗಿ, ಬೆನ್ನ ಮೇಲೆ ಕೈಯಿಟ್ಟು ಹಾಸಿಗೆಗೆ ತಿರುಗಿಸಿ. ನಿಮ್ಮ ವಾಸನೆಯಿರುವ ಹಳೇ ಸೀರೆಯೋ ಪಂಚೆಯೋ ಹಾಸಿದ್ದರೆ ಬೇಗ ಮಲಗುತ್ತದೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ಕಂಡದ್ದು.

ಆ ಗುಂಪಿಗೆ ‘ನಮ್ಮ ನಾಯಿಗೆ ಮರೆವಿನ ಕಾಯಿಲೆ, ಚಿಕಿತ್ಸೆ ಕೊಡಿಸುತ್ತಿದ್ದೇವೆ’ ಎಂದು ನೀವೇ ಒಂದು ಸಾಲು ಹಾಕಿ. ಯಾರ ಮನೆಯಲ್ಲಿ ಅಜ್ಜಿ ರಾತ್ರಿ ಎದ್ದು ಬಾಗಿಲು ತೆಗೆಯುತ್ತಾರೋ, ಅವರಿಗಂತೂ ಅರ್ಥವಾಗುತ್ತದೆ.

ಪ್ರ: ನಾಯಿಯ ಎರಡೂ ಕಣ್ಣು ನೀಲಿ ಮಂಜು ಕವಿದಂತೆ ಕಾಣುತ್ತವೆ. ವಯಸ್ಸು 10. ಪೊರೆ ಆಪರೇಷನ್ ಬೇಕಾ? (ಓದುಗರು, ಹುಬ್ಬಳ್ಳಿ)

ಉ: ಬಹುಶಃ ಬೇಡ. ವಯಸ್ಸಿಗೆ ಕಣ್ಣಿನ ಮಸೂರ ಗಟ್ಟಿಯಾಗಿ ನೀಲಿ ಹೊಡೆಯುತ್ತದೆ, ದೃಷ್ಟಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಪೊರೆಯಾದರೆ ಬಿಳಿ, ಹಾಲಿನ ಹಾಗೆ. ಹತ್ತಿಯ ಉಂಡೆಯೊಂದನ್ನು ಅದರ ಮುಂದೆ ಸದ್ದಿಲ್ಲದೆ ಬೀಳಿಸಿ. ಕಣ್ಣು ಹಿಂಬಾಲಿಸಿತಾ ನೋಡಿ, ಆಮೇಲೆ ಡಾಕ್ಟರಿಗೆ ತೋರಿಸಿ.

ಪ್ರ: ನಮ್ಮ ಜೂಲಿಗೆ 10 ವರ್ಷ, ಮರಿ ಆಗದಂತೆ ಆಪರೇಷನ್ ಮಾಡಿಸಿಲ್ಲ. ಹದಿನೈದು ದಿನದಿಂದ ಬಕೆಟ್‌ಗಟ್ಟಲೆ ನೀರು ಕುಡಿಯುತ್ತಾಳೆ. ಮನೆಯೊಳಗೇ ಮೂತ್ರ ಮಾಡುತ್ತಾಳೆ. ವಯಸ್ಸಿನಿಂದ ಇರಬೇಕು ಎಂದು ರಾತ್ರಿ ನೀರಿನ ಪಾತ್ರೆ ಎತ್ತಿಡುತ್ತಿದ್ದೇವೆ. ಊಟವೂ ಕಡಿಮೆಯಾಗಿದೆ. (ಓದುಗರು, ದಾವಣಗೆರೆ)

ಉ: ಈ ಪತ್ರ ಓದಿದ ತಕ್ಷಣ ಸಂಪಾದಕರಿಗೆ ಫೋನ್ ಮಾಡಿ ನಿಮ್ಮ ನಂಬರ್ ಕೇಳಿ ಮಾತಾಡಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ.

ಮೊದಲು ನೀರಿನ ಪಾತ್ರೆ ವಾಪಸ್ ಇಡಿ. ಜಾಸ್ತಿ ಕುಡಿಯುವುದರಿಂದ ಜಾಸ್ತಿ ಮೂತ್ರ ಹೋಗುತ್ತಿದೆ ಎಂದು ನಾವು ತಿಳಿಯುತ್ತೇವೆ. ಸಾಮಾನ್ಯವಾಗಿ ಇರುವುದು ತಿರುಗಾಮುರುಗಾ. ಮೂತ್ರದಲ್ಲಿ ನೀರು ಸೋರಿ ಹೋಗುತ್ತಿರುವುದಕ್ಕೆ ಅದು ಕುಡಿಯುತ್ತಿರುತ್ತದೆ. ನೀರು ನಿಲ್ಲಿಸಿದರೆ ಒಂದೇ ರಾತ್ರಿಯಲ್ಲಿ ಒಣಗಿಹೋದೀತು.

ಕಿಡ್ನಿ, ಸಕ್ಕರೆ ಕಾಯಿಲೆ, ಇನ್ನೂ ಹಲವು ಕಾರಣ ಇರಬಹುದು. ಆದರೆ ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿಸಿ ಒಂದೆರಡು ತಿಂಗಳೊಳಗೆ ನೀರು ಜಾಸ್ತಿ ಕುಡಿದು ಊಟ ಬಿಟ್ಟರೆ ನನ್ನ ತಲೆಗೆ ಮೊದಲು ಬರುವುದು ಗರ್ಭಕೋಶದಲ್ಲಿ ಕೀವು. ಕೆಲವಕ್ಕೆ ಹಿಂದಿನಿಂದ ಸೋರುತ್ತದೆ, ವಾಸನೆ ಬರುತ್ತದೆ, ಗೊತ್ತಾಗುತ್ತದೆ. ಕೆಲವಕ್ಕೆ ಗರ್ಭಕೋಶದ ಬಾಯಿ ಮುಚ್ಚಿಕೊಂಡು ಒಳಗೇ ತುಂಬುತ್ತದೆ, ಅದು ಇನ್ನೂ ಕೆಟ್ಟದ್ದು. ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಗರ್ಭಕೋಶ ತೆಗೆಯುವುದೇ ದಾರಿ, ಅದೂ ಬೇಗ. ‘ಈ ವಯಸ್ಸಿಗೆ ಅರಿವಳಿಕೆ ತಡೆಯುತ್ತಾ’ ಎಂದು ಎಲ್ಲರೂ ಕೇಳುತ್ತಾರೆ. ಕೀವನ್ನಂತೂ ತಡೆಯುವುದಿಲ್ಲ.

ಅನುಮಾನ ಇದ್ದವರು ನೀರು ಅಳೆಯಿರಿ. ಬೆಳಗ್ಗೆ ಲೀಟರ್ ಬಾಟಲಿಯಿಂದಲೇ ಪಾತ್ರೆ ತುಂಬಿಸಿ, ಮರುದಿನ ಅದೇ ಹೊತ್ತಿಗೆ ಉಳಿದದ್ದು ಕಳೆಯಿರಿ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 100 ಮಿ.ಲೀ. ದಾಟಿದರೆ ಅದು ಜಾಸ್ತಿ. 15 ಕೆ.ಜಿ. ನಾಯಿ ಒಂದೂವರೆ ಲೀಟರ್ ದಾಟಬಾರದು. ಆ ಚೀಟಿ ಹಿಡಿದುಕೊಂಡು ಬಂದವರನ್ನು ಕಂಡರೆ ಡಾಕ್ಟರಿಗೂ ಖುಷಿ.

ಪ್ರ: ನಮ್ಮ ಮುಧೋಳ ನಾಯಿ ಮುದುಕ ಆಗೇತ್ರಿ, 11 ವರ್ಷ. ಕಟ್ಟಿ ಕಲ್ಲಮ್ಯಾಲೆ ಮಲಗಿ ಮಲಗಿ ಮೊಣಕೈಗೆ ಗಂಟು ಬಿದ್ದು ಈಗ ಒಡದೈತಿ. ಏನ್ ಹಚ್ಚಬೇಕ್ರಿ? (ಓದುಗರು, ಬಾಗಲಕೋಟೆ ಜಿಲ್ಲೆ)

ಉ: ಪತ್ರದ ಭಾಷೆ ತಿದ್ದಬೇಡಿ ಎಂದು ಸಂಪಾದಕರಿಗೆ ನಾನೇ ಹೇಳಿದೆ. ನಿಮ್ಮ ಕಾರವಾನಿ, ಅಂದರೆ ಮುಧೋಳ ನಾಯಿ, ಓಡುವುದಕ್ಕೆಂದೇ ಹುಟ್ಟಿದ ಜಾತಿ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದಿದ್ದೂ ಉಂಟು. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ಎಲುಬೇ ಕಲ್ಲಿಗೆ ತಾಗುತ್ತದೆ. ಹಚ್ಚುವುದಕ್ಕಿಂತ ಹಾಸುವುದು ಮುಖ್ಯ. ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಒಡೆದ ಗಾಯವನ್ನು ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ತೊಳೆದು ಒಣಗಿಸಿ. ಅರಿಶಿನ, ಸುಣ್ಣ, ಡೀಸೆಲ್ ಏನೂ ಬೇಡ. ಡೀಸೆಲ್ ಹಚ್ಚಿದವರನ್ನು ಕಂಡಿದ್ದೇನೆ, ಅದಕ್ಕೆ ಹೇಳಿದೆ. ಒಳಗೆ ಕೀವಿದ್ದರೆ ಪಶು ಆಸ್ಪತ್ರೆಗೆ ಹೋಗಲೇಬೇಕು. ನಿಮಗೆ ತಿಮ್ಮಾಪುರದ ಶ್ವಾನ ಕೇಂದ್ರವೂ ಹತ್ತಿರವಿದೆ, ಈ ಜಾತಿಯನ್ನು ಅವರಷ್ಟು ನೋಡಿದವರಿಲ್ಲ. ಒಂದು ಮಾತು ಕೇಳಿ ನೋಡಿ.

ಪ್ರ: 15 ವರ್ಷದ ನಮ್ಮ ಬೊಗ್ಗ ಒಂಬತ್ತು ದಿನದಿಂದ ಎದ್ದಿಲ್ಲ. ಕಿಡ್ನಿ ಪೂರ್ತಿ ಹೋಗಿದೆಯಂತೆ. ಮೂರು ದಿನದಿಂದ ಗಂಜಿಯೂ ಇಳಿಯುತ್ತಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸಬಹುದು ಎನ್ನುತ್ತಾರೆ. ಅಮ್ಮ ಪಾಪ ಬರುತ್ತದೆ ಎನ್ನುತ್ತಾರೆ. ಅವನಿಗೆ ಅನ್ನ ಹಾಕಿ ಸಾಕಿದವರು ಅವರೇ. ನೀವು ಹೇಳಿದಂತೆ ಮಾಡುತ್ತೇವೆ. (ಓದುಗರು, ಚಿಕ್ಕಮಗಳೂರು ಜಿಲ್ಲೆ)

ಉ: ಎಷ್ಟೋ ಮನೆಯಲ್ಲಿ ಈ ಪ್ರಶ್ನೆಗೆ ನಾನು ಸುತ್ತಿ ಬಳಸಿ ಉತ್ತರ ಕೊಟ್ಟಿದ್ದೇನೆ. ನಿಮ್ಮ ಪತ್ರದಲ್ಲಿ ಅದಕ್ಕೆ ಜಾಗವಿಲ್ಲ. ಕಿಡ್ನಿ ಹೋಗಿ, ಅನ್ನ ನೀರು ಬಿಟ್ಟ ನಾಯಿಗೆ ಹೊಟ್ಟೆ ತೊಳಸುತ್ತಿರುತ್ತದೆ, ಬಾಯೆಲ್ಲ ಹುಣ್ಣಾಗುತ್ತದೆ. ತಾನಾಗಿ ಹೋಗಲಿ ಎಂದು ಕಾದರೆ ಹೋಗುತ್ತದೆ. ಆದರೆ ನಿದ್ದೆಯಲ್ಲಿ ಅಲ್ಲ. ನನ್ನ ನಾಯಿಯಾಗಿದ್ದರೆ ಕೊಡಿಸುತ್ತಿದ್ದೆ. ಕೆಂಚನಿಗಿಂತ ಮುಂಚೆ ಇದ್ದ ಬೆಳ್ಳಿಗೆ ಕೊಡಿಸಿದ್ದೇನೆ. ನನ್ನ ಕೈಯಲ್ಲಿ ಆಗಲಿಲ್ಲ, ನನ್ನ ಜೂನಿಯರ್ ಒಬ್ಬರನ್ನು ಕರೆಸಿದೆ.

ಅಮ್ಮನ ಜೊತೆ ವಾದ ಮಾಡಬೇಡಿ. ಬೊಗ್ಗನ ಬಾಯಿ ತೆರೆದು ಆ ಹುಣ್ಣು ತೋರಿಸಿ, ಅಷ್ಟೇ. ಆಮೇಲೂ ಬೇಡ ಎಂದರೆ ಹೊಟ್ಟೆ ತೊಳಸದಂತೆ, ನೋವು ಕಾಣದಂತೆ ಮದ್ದು ಕೇಳಿ ಪಡೆಯಿರಿ, ಬಾಯಿಗೆ ನೀರು ಅದ್ದಿದ ಬಟ್ಟೆ ಒತ್ತುತ್ತಿರಿ, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ.

ಒಪ್ಪಿದರೆ, ಡಾಕ್ಟರನ್ನು ಮನೆಗೇ ಕರೆಸಿ. ಮೊದಲು ಮಂಪರಿನ ಇಂಜೆಕ್ಷನ್ ಕೊಡಿ ಎಂದು ಕೇಳಿ. ಅದು ಹಿಡಿಯಲು ಹತ್ತು ಹದಿನೈದು ನಿಮಿಷ ಬೇಕು. ಆಮೇಲೆ ನರಕ್ಕೆ ಕೊಡುವುದು ಅರಿವಳಿಕೆಯದ್ದೇ ಹೆಚ್ಚಿನ ಡೋಸು, ನಿಮಿಷದೊಳಗೆ ಮುಗಿಯುತ್ತದೆ. ಕಣ್ಣು ತೆರೆದೇ ಇರುತ್ತವೆ. ಮುಗಿದ ಮೇಲೂ ಒಮ್ಮೊಮ್ಮೆ ಉಸಿರೆಳೆದ ಹಾಗೆ ಆಗುತ್ತದೆ, ಹೆದರಬೇಡಿ. ಗುಂಡಿ ಹಿಂದಿನ ದಿನವೇ ತೋಡಿಸಿಡಿ, ಎದೆಮಟ್ಟ ಆಳ ಇರಲಿ, ಬಾವಿಯಿಂದ ದೂರ ಇರಲಿ. ಮದ್ದು ಮೈಯಲ್ಲೇ ಉಳಿದಿರುತ್ತದೆ, ನರಿಯೋ ಇನ್ನೊಂದು ನಾಯಿಯೋ ಅಗೆದು ತಿನ್ನಬಾರದು.

ಅಮ್ಮನಿಗೆ ‘ನೀವು ಒಳಗೆ ಹೋಗಿ’ ಎಂದು ಯಾರೂ ಹೇಳಬೇಡಿ. ಕೂರುವುದಾದರೆ ತಲೆಯ ಹತ್ತಿರ ಅವರಿಗೆ ಮಣೆ ಹಾಕಿಕೊಡಿ.