ಎನ್‌ಎಚ್‌ಎಲ್ ಎಕ್ಸ್‌ಪಾನ್ಷನ್ ಡ್ರಾಫ್ಟ್: ಎಳೆಯರಾ, ಹಳಬರಾ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ಗೆ ಹೊಸದಾಗಿ ಬರುವ ತಂಡ ಎಕ್ಸ್‌ಪಾನ್ಷನ್ ಡ್ರಾಫ್ಟ್‌ನಲ್ಲಿ (ಹಳೆಯ ತಂಡಗಳ ಆಟಗಾರರಿಂದ ತನಗೆ ಬೇಕಾದವರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಯಾರನ್ನು ಆರಿಸಬೇಕು, ಮುಂದೆ ಬೆಳೆಯಬಹುದಾದ ಹುಡುಗರನ್ನಾ, ಪಳಗಿದವರನ್ನಾ ಅಂತ ಕೇಳಿದ್ದೀರಿ. ನನ್ನ ಕೈಗೆ ಕೊಟ್ಟರೆ ನಡುವಿನವರನ್ನೇ ಹುಡುಕುತ್ತೇನೆ. ವಯಸ್ಸು 23ರಿಂದ 27, ಆಟ ಬರುತ್ತೆ, ಆದರೆ ಇರೋ ತಂಡದಲ್ಲಿ ಮೂರನೇ ಲೈನ್ (ಒಟ್ಟಿಗೆ ಆಡಲು ಇಳಿಯುವ ಫಾರ್ವರ್ಡ್‌ಗಳ ಗುಂಪು, ಮೊದಲನೆಯದೇ ಬಲವಾದದ್ದು) ದಾಟೋಕೆ ಆಗ್ತಿಲ್ಲ, ಅಂಥವರು.

ನಿಜವಾದ ಎಳೆಯರು ಸಿಗುವುದೇ ಕಷ್ಟ. ವೃತ್ತಿಪರರಾಗಿ ಮೊದಲ ಎರಡು ವರ್ಷದಲ್ಲಿರುವವರನ್ನು ಮುಟ್ಟುವ ಹಾಗಿಲ್ಲ. ಅದರ ಮೇಲೆ ಪ್ರತಿ ತಂಡವೂ 7 ಫಾರ್ವರ್ಡ್, 3 ಡಿಫೆಂಡರ್, ಒಬ್ಬ ಗೋಲ್‌ಕೀಪರ್‌ನನ್ನು ಉಳಿಸಿಕೊಳ್ಳಬಹುದು.

2017ರಲ್ಲಿ ಹೊಸ ತಂಡವಾಗಿ ಬಂದ ವೇಗಾಸ್ ಆರಿಸಿದ ವಿಲಿಯಂ ಕಾರ್ಲ್‌ಸನ್‌ನನ್ನೇ ನೋಡಿ. 24 ವರ್ಷ, ಹಿಂದಿನ ಸೀಸನ್‌ನಲ್ಲಿ ಕೊಲಂಬಸ್ ತಂಡದ ಪರ ಹೊಡೆದಿದ್ದು ಬರೀ 6 ಗೋಲು. ವೇಗಾಸ್‌ನಲ್ಲಿ ಮೊದಲ ಲೈನ್‌ಗೆ ಹಾಕಿದರು, 43 ಗೋಲು ಬಂತು! ಇದರಲ್ಲಿ ಇನ್ನೊಂದು ತಮಾಷೆ ಇದೆ. ತನ್ನ ಬೇರೆ ಆಟಗಾರರನ್ನು ಮುಟ್ಟದಿರಲಿ ಅಂತ ಕೊಲಂಬಸ್ ಮೊದಲ ಸುತ್ತಿನ ಪಿಕ್ಕನ್ನೂ (ವಾರ್ಷಿಕ ಡ್ರಾಫ್ಟ್‌ನಲ್ಲಿ ಹೊಸ ಹುಡುಗನನ್ನು ಆರಿಸುವ ಹಕ್ಕು) ಮೇಲೆ ಕೊಟ್ಟಿತ್ತು. ಅನಾಹೈಮ್ ಕೂಡ ಹೀಗೇ 21ರ ಶೇ ಥಿಯೋಡೋರ್‌ನನ್ನು ಬಿಟ್ಟುಕೊಟ್ಟಿತು. ಒಳ್ಳೆಯ ಹುಡುಗರು ಬರುವುದು ಈ ಹಿಂಬಾಗಿಲಿನಿಂದಲೇ. 2023ರಲ್ಲಿ ವೇಗಾಸ್ ಸ್ಟ್ಯಾನ್ಲಿ ಕಪ್ ಗೆದ್ದಾಗಲೂ ಈ ಇಬ್ಬರು ತಂಡದಲ್ಲಿದ್ದರು.

2021ರಲ್ಲಿ ಹೊಸ ತಂಡ ಸಿಯಾಟಲ್ ಮುಂದೆ ಸೇಂಟ್ ಲೂಯಿಸ್‌ನ ತರಾಸೆಂಕೊ ಇದ್ದ. ದೊಡ್ಡ ಹೆಸರು, ಆದರೆ ಭುಜಕ್ಕೆ ಮೇಲಿಂದ ಮೇಲೆ ಆಪರೇಷನ್. ಅವನನ್ನು ಬಿಟ್ಟು 24ರ ಡಿಫೆಂಡರ್ ವಿನ್ಸ್ ಡನ್‌ನನ್ನು ತಗೊಂಡರು. 2022-23ರಲ್ಲಿ ಡನ್ 64 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ. ನನಗಂತೂ ಇದೇ ಆ ಡ್ರಾಫ್ಟ್‌ನ ಜಾಣ ಆಯ್ಕೆ.

ಹಾಗಂತ ಹಳಬರು ಬೇಡವೇ ಬೇಡ ಅಂತಲ್ಲ. ಸಿಯಾಟಲ್ 37ರ ಜಿಯೊರ್ಡಾನೊನನ್ನು ಆರಿಸಿ ಕ್ಯಾಪ್ಟನ್ ಮಾಡಿತು. ತಂಡ ಸೋಲುತ್ತಿತ್ತು ಅಲ್ವಾ, ಸೀಸನ್ ಮುಗಿಯುವ ಮುಂಚೆ ಅವನನ್ನು ಟೊರಾಂಟೊಗೆ ಕಳಿಸಿ ಡ್ರಾಫ್ಟ್ ಪಿಕ್‌ಗಳನ್ನು ಪಡೆಯಿತು. ಮತ್ತೆ ಮಾರಬಹುದಾದ ಹಳಬ ಆದರೆ ಧಾರಾಳವಾಗಿ ತಗೊಳ್ಳಿ.

ಗೋಲ್‌ಕೀಪರ್‌ಗಳ ಲೆಕ್ಕ ಬೇರೆ, ಅವರು ತಡವಾಗಿ ಮುದುಕರಾಗುತ್ತಾರೆ. 32ರ ಫ್ಲೂರಿಯನ್ನು ಇಟ್ಟುಕೊಂಡು ವೇಗಾಸ್ ಮೊದಲ ವರ್ಷವೇ ಫೈನಲ್‌ಗೆ ಹೋಯಿತು. ಆದರೂ ಕಾಂಟ್ರಾಕ್ಟ್ ನೋಡದೆ ಕೈಹಾಕಬೇಡಿ. ಮಾಂಟ್ರಿಯಲ್‌ನ ಕೇರಿ ಪ್ರೈಸ್ ಸಿಯಾಟಲ್‌ಗೆ ಸಿಗುವ ಹಾಗಿದ್ದ. ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಒಟ್ಟು ಸಂಬಳಕ್ಕಿರುವ ಮಿತಿ) ವರ್ಷಕ್ಕೆ 1.05 ಕೋಟಿ ಡಾಲರ್, ಅದೂ 2026ರವರೆಗೆ. ಅವರು ಮುಟ್ಟಲಿಲ್ಲ. ಆಮೇಲೆ ಮಂಡಿ ನೋವಿನಿಂದ ಪ್ರೈಸ್ ಆಡಿದ್ದು ಐದೇ ಪಂದ್ಯ.