ಮೊದಲು ತಾರೀಖು ನೋಡಿ

ನಮಸ್ಕಾರ. ಮೊಬೈಲ್‌ನಲ್ಲಿ ಸಲೀಸಾಗಿ ತೆರೆಯುವ ಬ್ಯಾಂಕಿನ ತಾಣ, ಅದೇ ವೈ-ಫೈನಲ್ಲಿರುವ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತದೆ, ಅದೂ ಬೆಳಿಗ್ಗೆ ಆನ್ ಮಾಡಿದಾಗ, ಎಂದಿದ್ದೀರಿ. ರೂಟರ್ ಮುಟ್ಟಬೇಡಿ. ವಿಂಡೋಸ್ ಮತ್ತೆ ಹಾಕಿಸುವುದಂತೂ ಬೇಡವೇ ಬೇಡ. ಪರದೆಯ ಕೆಳಮೂಲೆಯಲ್ಲಿ ತಾರೀಖು ಏನಿದೆ, ನೋಡಿ.

ನಮ್ಮ ಮನೆಯ ಕಂಪ್ಯೂಟರ್‌ಗೂ ಹೀಗೇ ಆಗಿತ್ತು. ಅಲ್ಲಿ 2009ರ ಜನವರಿ 1 ಎಂದಿತ್ತು! ಸುರಕ್ಷಿತ ತಾಣ ತನ್ನ ಗುರುತಿಗಾಗಿ ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಗಡಿಯಾರ ಹಿಂದಿದ್ದರೆ, ಬ್ರೌಸರ್‌ನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ.

ತಾರೀಖು ಸರಿಪಡಿಸಿ, ಪುಟವನ್ನು ಮತ್ತೆ ತೆರೆಯಿರಿ. ರಾತ್ರಿ ಸ್ವಿಚ್ ಆರಿಸಿ ಬೆಳಿಗ್ಗೆ ನೋಡಿದಾಗ ಮತ್ತೆ ಹಿಂದಕ್ಕೆ ಹೋಗಿದ್ದರೆ, ಮದರ್‌ಬೋರ್ಡ್ (ಕಂಪ್ಯೂಟರ್ ಒಳಗಿನ ಮುಖ್ಯ ಫಲಕ) ಮೇಲಿದ್ದು, ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವ ನಾಣ್ಯದಂಥ ಸೆಲ್ ಮುಗಿದಿರುತ್ತದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಕಂಪ್ಯೂಟರ್ ಪೆಟ್ಟಿಗೆ ತೆರೆದು, ಸೆಲ್‌ನ ಪಕ್ಕದ ಸಣ್ಣ ಕೊಕ್ಕೆಯನ್ನು ಉಗುರಿನಿಂದ ಸರಿಸಿದರೆ ಹಳೆಯ ಸೆಲ್ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ತಾರೀಖನ್ನು ಇನ್ನೊಮ್ಮೆ ಹೊಂದಿಸಿ.

ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ, ದಯವಿಟ್ಟು ಅದನ್ನು ದಾಟಿ ಮುಂದೆ ಹೋಗಿ ಪಾಸ್‌ವರ್ಡ್ ಹಾಕಬೇಡಿ. ಆ ಎಚ್ಚರಿಕೆಯ ಪೂರ್ತಿ ಸಾಲನ್ನು ಇಲ್ಲಿ ಬರೆಯಿರಿ, ನೋಡೋಣ.