ಚಿಕ್ಕ ಮಗು ಇದೆ, ವಿಜಯಪುರದಲ್ಲಿ ಮನೆಯಲ್ಲೇ ಕೂತು ಏನು ಮಾಡಿ ನಾಲ್ಕು ಕಾಸು ಗಳಿಸಬಹುದು?

ರೊಟ್ಟಿ ಬಡಿಯೋಕೆ ಬಂದರೆ ಬೇರೇನೂ ಹುಡುಕಬೇಡಿ. ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಬೆಂಗಳೂರು, ಪುಣೆಯಲ್ಲಿರುವ ನಮ್ಮವರೇ ಗಿರಾಕಿಗಳು. ಮಗು ಮಲಗಿದಾಗ ಬಡಿದು, ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ಒಣಗಿಸಿ. ನಡುವೆ ಸ್ವಲ್ಪ ಹಸಿ ಉಳಿದರೂ ಆ ಒಂದು ರೊಟ್ಟಿಯಿಂದ ಇಡೀ ಕಟ್ಟಿಗೆ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಪ್ಯಾಕ್ ಮಾಡಿ. ಚಟ್ನಿಪುಡಿ ಕುಟ್ಟುವಾಗ ಒದ್ದೆ ಚಮಚ ಹತ್ತಿರ ಸುಳಿಯಬಾರದು.

ದರ ಹೇಳುವಾಗ ಹಿಟ್ಟಿನ ಜೊತೆ ಗ್ಯಾಸು, ಡಬ್ಬ, ಕೊರಿಯರ್, ನಿಮ್ಮ ಕೂಲಿಯನ್ನೂ ಹಿಡಿಯಿರಿ. ಕೂಲಿ ಬಿಟ್ಟು ಲೆಕ್ಕ ಹಾಕುವವರೇ ಜಾಸ್ತಿ (ಪಕ್ಕದ ಮನೆಯವರಿಗೆ ರೊಕ್ಕ ಕೇಳೋಕೆ ಸಂಕೋಚ ಬೇರೆ!).

ಮನೆಯಲ್ಲೇ ಮಾಡಿದರೂ ಮಾರುವ ತಿನಿಸಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ನೋಂದಣಿ ಬೇಕು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಯಂತ್ರಕ್ಕೆ ಸಾಲ ಬೇಕೆನಿಸಿದರೆ ಸಣ್ಣ ಆಹಾರ ಉದ್ಯಮಗಳಿಗೆ ನೆರವಾಗಲು ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆ ಈಗ ಹೇಗಿದೆ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಅಡುಗೆ ಒಗ್ಗದಿದ್ದರೆ ಇಳಕಲ್ ಸೀರೆಗೆ ಫಾಲ್, ಕುಚ್ಚು ಹಾಕುವ ಕೆಲಸ ಮದುವೆ ಸೀಸನ್ನಿನಲ್ಲಿ ಚೆನ್ನಾಗಿರುತ್ತದೆ. ಆದರೆ ‘ಡೇಟಾ ಎಂಟ್ರಿ ಕೊಡ್ತೀವಿ, ಮೊದಲು ಡೆಪಾಸಿಟ್ ಕಟ್ಟಿ’ ಅನ್ನುವವರ ನಂಬರ್ ತಕ್ಷಣ ಬ್ಲಾಕ್ ಮಾಡಿ.